ಗಿಡ್ಡಾದ ಆರು ಕೊರಳದಾರಗಳು

ನನ್ನ ಹೆಂಡತಿ ವಿದ್ಯಾವತಿ ಹದಿನೇಳು ವರ್ಷ ಬಸ್ಸಿನಲ್ಲಿ ನಿಂತು ದುಡಿದವಳು. ಆಳಂದದಿಂದ ಖಜೂರಿ ದಾಟಿ ಮಹಾರಾಷ್ಟ್ರದೊಳಗೆ ಹೋಗುವ ಬಸ್ಸಿನ ಕಂಡಕ್ಟರ್. ಆ ರಸ್ತೆಯ ತಗ್ಗು ದಿಬ್ಬಗಳೆಲ್ಲ ಆಕೆಯ ಅಂಗಾಲಿಗೆ ಬಾಯಿಪಾಠ. ಕಿಕ್ಕಿರಿದ ಬಸ್ಸಿನಲ್ಲಿ ಯಾವ ಕಂಬಿಯನ್ನೂ ಹಿಡಿಯದೆ, ಬಲಗೈಯಲ್ಲಿ ಟಿಕೆಟ್ ಮಷಿನ್, ಎಡಗೈಯಲ್ಲಿ ಚಿಲ್ಲರೆ, ಹಲ್ಲಿನ ನಡುವೆ ಸೀಟಿ ಇಟ್ಟುಕೊಂಡು ಆಕೆ ಹಿಂದಿನಿಂದ ಮುಂದಕ್ಕೆ ಬರುವುದನ್ನು ನೋಡಿದರೆ ಕೂತವನಿಗೇ ತಲೆ ತಿರುಗುತ್ತಿತ್ತು. ಅಂಥವಳು ಬಿದ್ದದ್ದು ಎಲ್ಲಿ ಅಂತೀರಿ? ನಮ್ಮ ಮನೆಯ ಬಚ್ಚಲಲ್ಲಿ. ಅದೂ ಅಲುಗಾಡದ, ಗಟ್ಟಿ ಶಹಾಬಾದಿ ಕಲ್ಲಿನ ಮೇಲೆ. ಬಲಗೈಯ ಮಣಿಕಟ್ಟು ಮುರಿಯಿತು.

ನಾನು ಮಹೇಶಕುಮಾರ. ಆಳಂದದ ಬಸ್ ನಿಲ್ದಾಣದ ಹತ್ತಿರ ಹಗ್ಗ, ಮೊಳೆ, ಬಕೆಟ್ಟು, ಕೀಲಿ ಮಾರುವ ಸಣ್ಣ ಅಂಗಡಿ ಇಟ್ಟುಕೊಂಡವನು. ಈ ಕಥೆಯಲ್ಲಿ ನನ್ನ ಪಾತ್ರ ಅಷ್ಟೇನೂ ಮೆಚ್ಚುವಂಥದ್ದಲ್ಲ. ಅದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಊರವರು ಹೇಳುವ ಮುಂಚೆ.

ವಿದ್ಯಾವತಿ ಜೇವರ್ಗಿ ಕಡೆಯ ಇಜೇರಿಯ ಮಗಳು. ತಂದೆ ಶಾಂತಲಿಂಗಪ್ಪನವರದು ತೊಗರಿ ಹೊಲ. ಪಿಯುಸಿ ಮುಗಿಸಿ ನಮ್ಮ ಮನೆಗೆ ಸೊಸೆಯಾಗಿ ಬಂದ ಮೇಲೆ ಆಕೆಗೆ ಕಂಡಕ್ಟರ್ ನೌಕರಿಯ ಕಾಗದ ಬಂತು. ನಮ್ಮ ಕಾಕಾ, ದೊಡ್ಡಪ್ಪಂದಿರೆಲ್ಲ ಪಡಸಾಲೆಯಲ್ಲಿ ಕೂತು, ಮನೆತನದ ಹೆಣ್ಣುಮಗಳು ಸೀಟಿ ಊದುವುದೇ ಎಂದು ತಲೆ ಕೆಡಿಸಿಕೊಂಡರು. ಒಳಗಿನಿಂದ ನನ್ನ ಅವ್ವ ಗುರಮ್ಮ ಒಂದೇ ಮಾತು ಹೇಳಿದಳು. "ನಿಮ್ಮ ಬಾಯಿಗಿಂತ ಆ ಸೀಟಿನೇ ಚಲೋ. ಹೋಗ್ಲಿ ಬಿಡ್ರಿ ಆಕಿ." ಅಲ್ಲಿಗೆ ಪಂಚಾಯಿತಿ ಮುಗಿಯಿತು.

ಆಕೆಯ ದರ್ಬಾರು ನೋಡಬೇಕೆಂದರೆ ಅಮಾವಾಸ್ಯೆಯ ದಿನ ಘತ್ತರಗಿಯ ವಿಶೇಷ ಬಸ್ಸಿನಲ್ಲಿ ನೋಡಬೇಕಿತ್ತು. ಭಾಗ್ಯವಂತಿ ದೇವಿಯ ದರ್ಶನಕ್ಕೆ ಹೊರಟ ಜನ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದಿರುತ್ತಿದ್ದರು. ಒಮ್ಮೆ ಒಬ್ಬ ಧಡೂತಿ ಆಸಾಮಿ ಮೆಟ್ಟಿಲು ಬಿಟ್ಟು ಒಳಗೆ ಬರಲು ಒಲ್ಲೆ ಎಂದ. ವಿದ್ಯಾವತಿ ಸೀಟಿ ಊದಿ ಬಸ್ಸನ್ನು ನಡುರಸ್ತೆಯಲ್ಲೇ ನಿಲ್ಲಿಸಿದಳು. "ದೇವಿ ಹತ್ರ ಕಾಲು ಮುರ್ಕೊಂಡು ಹೋಗ್ತಿಯೇನು? ಒಳಗ ನಡಿ. ಇಲ್ಲಂದ್ರ ಸಂಜಿ ತನಕ ಬಸ್ಸು ಇಲ್ಲೇ ನಿಂದರ್ತದ." ಇಡೀ ಬಸ್ಸು ಅವನ ಮೇಲೆ ತಿರುಗಿಬಿತ್ತು. ಆತ ತೆಪ್ಪಗೆ ಒಳಗೆ ಬಂದ.

ಇಂಥ ಹೆಂಗಸಿನ ಕೈಗೆ ಶ್ರಾವಣದಲ್ಲಿ ಪ್ಲಾಸ್ಟರ್ ಹಾಕಿದರು. ಆರು ವಾರದ ಮೇಲೆ ಬಿಚ್ಚಿದಾಗ ಎಲುಬು ಕೂಡಿತ್ತು, ಬೆರಳು ಮಾತ್ರ ಮಡಚುತ್ತಿರಲಿಲ್ಲ. ಹೆಬ್ಬೆರಳು ಒಂದು ಕಡೆ, ತೋರುಬೆರಳು ಇನ್ನೊಂದು ಕಡೆ, ಜಗಳವಾಡಿದ ಅಣ್ಣತಮ್ಮಂದಿರ ಹಾಗೆ. ಲೋಟ ಹಿಡಿದರೆ ಜಾರುತ್ತಿತ್ತು. ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾದ ಮೇಲೆ ಬಸ್ಸಿನಲ್ಲಿ ಜನ ಇಮ್ಮಡಿ, ಒಬ್ಬೊಬ್ಬರಿಗೂ ಟಿಕೆಟ್ ಹರಿದು ಕೊಡಲೇಬೇಕು. ಈ ಕೈ ಹೊತ್ತು ಬಸ್ಸು ಹತ್ತುವುದು ಹೇಗೆ? ಡಿಪೋದವರು ಆಕೆಯನ್ನು ಆಫೀಸಿನಲ್ಲಿ ಕೂರಿಸಿದರು. ಎಳ್ಳಮಾವಾಸ್ಯೆಯ ಹಿಂದಿನ ವಾರ ಕಲಬುರಗಿಯಲ್ಲಿ ವೈದ್ಯರು ಕೈ ಪರೀಕ್ಷೆ ಮಾಡುತ್ತಾರೆ, ಪಾಸಾದರೆ ಮತ್ತೆ ಬಸ್ಸು, ಇಲ್ಲವಾದರೆ ಕಾಯಂ ಆಫೀಸು ಎಂದರು.

ಕುರ್ಚಿ, ಫ್ಯಾನು, ಎರಡು ಹೊತ್ತು ಚಹಾ. ಬೇರೆಯವರು ಇದಕ್ಕಾಗಿ ಕಂಡಕಂಡವರ ಕಾಲು ಹಿಡಿಯುತ್ತಾರೆ. ಈಕೆ ಮಾತ್ರ ದಿನಾ ಸಂಜೆ ಮುಖ ಗಂಟಿಕ್ಕಿಕೊಂಡು ಬರುತ್ತಿದ್ದಳು. "ಕುಂತು ಕುಂತು ಉಂಡದ್ದು ಅರಗಂಗಿಲ್ಲ ರೀ. ಕಿಡಕಿಯಾಗ ನನ್ನ ಬಸ್ಸು ಹೋಗೋದು ಕಾಣ್ತದ. ಒಳಗ ಬೇರೆದವ್ರು ಸೀಟಿ ಊದ್ತಾರ" ಎನ್ನುತ್ತಿದ್ದಳು. ಒಂದು ದಿನ ಹಾಗೆನ್ನುವಾಗ ಕಣ್ಣಲ್ಲಿ ನೀರಿತ್ತು. ಹದಿನೇಳು ವರ್ಷದಲ್ಲಿ ಆಕೆ ಅತ್ತದ್ದನ್ನು ನಾನು ಎಣಿಸಿ ಮೂರು ಸಲ ನೋಡಿದ್ದೇನೆ.

ಆಗ ನಾನೇನು ಮಾಡಬೇಕಿತ್ತು? ಆಸರೆಯಾಗಬೇಕಿತ್ತು. ನಾನು ಮಾಡಿದ್ದೇ ಬೇರೆ. ಮಧ್ಯಾಹ್ನ ಬಿಸಿ ರೊಟ್ಟಿ ತಿನ್ನುವ ಚಟ ನನಗೆ ಆಕೆ ಆಫೀಸಿನಲ್ಲಿದ್ದ ಆ ಎರಡು ತಿಂಗಳಲ್ಲಿ ಹತ್ತಿಬಿಟ್ಟಿತ್ತು. ಆಫೀಸು ನಮ್ಮ ಓಣಿಯ ಹತ್ತಿರವೇ ಇತ್ತು, ಆಕೆ ಮಧ್ಯಾಹ್ನ ಮನೆಗೆ ಬಂದು ಎಡಗೈಯಲ್ಲೇ ಹೇಗೋ ರೊಟ್ಟಿ ಬಡಿದು ಹಾಕುತ್ತಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಂಡತಿ ಮನೆಯಲ್ಲಿರುವ ಸುಖವೇ ಬೇರೆ ಎನಿಸಿತ್ತು. ಆಕೆಗೆ ತಿಳಿಯದಂತೆ ಡಿಪೋಗೆ ಒಂದು ಅರ್ಜಿ ಬರೆದುಕೊಟ್ಟೆ. ನನ್ನ ಹೆಂಡತಿಯ ಕೈಯಲ್ಲಿ ಹಿಡಿತವಿಲ್ಲ, ಮುಂದೆ ಬರುವ ಲಕ್ಷಣವೂ ಇಲ್ಲ, ದಯಮಾಡಿ ಆಫೀಸಿನಲ್ಲೇ ಇರಿಸಿಕೊಳ್ಳಬೇಕು ಎಂದು. ಆಕೆಯ ಒಳ್ಳೆಯದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ. ಅರ್ಜಿ ವೈದ್ಯರ ಕಡತಕ್ಕೆ ಹೋಯಿತು.

ಈ ಕಡೆ ಬೆರಳ ವ್ಯಾಯಾಮಕ್ಕೆ ವಿದ್ಯಾವತಿ ಸರಕಾರಿ ಆಸ್ಪತ್ರೆಗೆ ಹೋಗುತ್ತಿದ್ದಳು. ಅಲ್ಲಿ ಪ್ರಾಚಿ ಎಂಬ ಎಳೆ ವಯಸ್ಸಿನ ಡಾಕ್ಟರಮ್ಮ. ಮೊದಲು ರಬ್ಬರ್ ಚೆಂಡು ಕೊಟ್ಟು ಹಿಚುಕಲು ಹೇಳಿದಳಂತೆ. ನಾಲ್ಕು ದಿನಕ್ಕೆ ನಮ್ಮಾಕೆ ಚೆಂಡನ್ನು ವಾಪಸು ಅವಳ ಮೇಜಿನ ಮೇಲಿಟ್ಟಳು. "ದಿನಾ ಹಿಚುಕ್ತೀನಿ, ಕಡೀಗಿ ಅದು ಚೆಂಡೇ ಇರ್ತದ. ಏನಾರ ಆಗೋವಂಥ ಕೆಲಸ ಕೊಡ್ರಿ ಡಾಕ್ಟರ್ ಬಾಯಿ." ಪ್ರಾಚಿ ನಕ್ಕು ತನ್ನ ಕೊರಳಿನ ಗುರುತಿನ ಚೀಟಿ ಎತ್ತಿ ತೋರಿಸಿದಳು. ಅದು ಜೋತಿದ್ದದ್ದು ಅಂಗಡಿಯ ಪಟ್ಟಿಗಲ್ಲ, ನೀಲಿ ಬಿಳಿ ಎಳೆಗಳ ದುಂಡು ಹೆಣಿಗೆಯ ದಾರಕ್ಕೆ. "ಇದಕ್ಕ ಲ್ಯಾನ್‌ಯಾರ್ಡ್ ಅಂತಾರ್ರಿ. ಹಾಸ್ಟೆಲ್‌ನಾಗ ಇದ್ದಾಗ ನಾನೇ ಮಾಡ್ಕೊಂಡೀನಿ. ಕಲಿಸ್ಲೇನು?"

ಆ ಸಂಜೆ ಹೆಂಡತಿ ನೇರ ನನ್ನ ಅಂಗಡಿಗೆ ಬಂದಳು. ಕೆಂಪು ಒಂದು, ಬಿಳಿ ಒಂದು, ಸಣ್ಣ ನೈಲಾನ್ ದಾರದ ಉಂಡೆ ಬೇಕು, ತಿರುಗುವ ಕೊಂಡಿ ಬೇಕು ಎಂದಳು. "ಕಂಡಕ್ಟರಕಿ ಬಿಟ್ಟು ಈಗ ಹಗ್ಗ ಹೆಣಿಯಾಕ ಕುಂದರ್ತಿಯೇನು?" ಎಂದೆ. "ಹಗ್ಗ ಮಾರೋರು ಸುಮ್ನ ಕೊಡ್ರಿ" ಎಂದು ಉಂಡೆಗಳನ್ನು ತಾನೇ ಎತ್ತಿಕೊಂಡು ಹೋದಳು.

ಕೆಲಸ ನೋಡಲು ಸುಲಭ. ಎರಡು ದಾರವನ್ನು ನಡುವೆ ಮಡಚಿ ಕೊಂಡಿಗೆ ಸಿಕ್ಕಿಸಿದರೆ ನಾಲ್ಕು ಎಳೆ. ಕೊಂಡಿಯನ್ನು ಕಿಟಕಿಯ ಸರಳಿಗೆ ಕಟ್ಟಬೇಕು. ಅಂಚಿನ ಎಳೆಯನ್ನು ಪಕ್ಕದ ಎರಡರ ಹಿಂದೆ ಹಾಯಿಸಿ, ತಿರುಗಿಸಿ ಒಂದರ ಮೇಲೆ ತರಬೇಕು. ಆಮೇಲೆ ಇನ್ನೊಂದು ಅಂಚಿನಿಂದ ಹಾಗೆಯೇ. ಎರಡು ಬಣ್ಣ ಏಕೆಂದರೆ ತಪ್ಪಿದ್ದು ಕೂಡಲೇ ಕಣ್ಣಿಗೆ ಬೀಳುತ್ತದೆ. ಒಂದೊಂದು ಎಳೆ ಬೇಕಾದ ಉದ್ದದ ಒಂದೂವರೆ ಪಟ್ಟು ಇರಬೇಕು, ಹೆಣಿಗೆ ನುಂಗಿಹಾಕುತ್ತದೆ. ಇಷ್ಟೇ. ಆದರೆ ಹಿಡಿತವಿಲ್ಲದ ಕೈಯಲ್ಲಿ ಈ ಇಷ್ಟೇ ಎನ್ನುವುದು ದೊಡ್ಡ ಸಂಗತಿ. ಮೊದಲ ದಿನ ಎರಡು ತಾಸು ಒದ್ದಾಡಿ ಗೇಣುದ್ದ ಹೆಣೆದಳು. ಅದು ಒಂದು ಕಡೆ ಸಡಿಲ, ಒಂದು ಕಡೆ ಬಿಗಿ, ನಡುವೆ ತಿರುಚಿಕೊಂಡು ಕೂತಿತ್ತು.

ಮಂಚದ ಮೇಲೆ ಕೂತಿದ್ದ ಅವ್ವ ಎರಡು ತಾಸೂ ತುಟಿ ಬಿಗಿಹಿಡಿದಿದ್ದಳು. ಕೊನೆಗೆ ತಡೆಯಲಾಗಲಿಲ್ಲ. "ಕೊಡಿಲ್ಲಿ ಬೇ. ದಾರಕ್ಕ ಜ್ವರ ಬಂದಂಗ ಕಾಣ್ತದ" ಎಂದು ಕೈಚಾಚಿದಳು.

ಅವ್ವನಿಗೆ ಎಪ್ಪತ್ತೆಂಟು. ನಮ್ಮ ಮನೆಯವರ ಶಿವದಾರಗಳೆಲ್ಲ ಅವಳ ಕೈಯವೇ. ಇಷ್ಟಲಿಂಗವನ್ನು ಕೊರಳಲ್ಲಿ ಧರಿಸುವ ಆ ದಾರವನ್ನು ಅಂಗಡಿಯಲ್ಲಿ ಕೊಂಡರೆ ಅವಳಿಗೆ ಸರಿಬರುತ್ತಿರಲಿಲ್ಲ. ಹತ್ತಿ ನೂಲಿನಿಂದ ತಾನೇ ಹೆಣೆದು ಮಕ್ಕಳು, ಮೊಮ್ಮಕ್ಕಳು, ಬೀಗರು ಎಲ್ಲರಿಗೂ ಕೊಟ್ಟವಳು. ಅವಳಿಗೆ ಅವಳದೇ ಕಾನೂನು. ಹಿಂಗತ್ತಿಗೆ ಗಂಟು ಚುಚ್ಚಬಾರದು, ಅದಕ್ಕೆ ಉಳಿದ ತುದಿಗಳನ್ನು ಹಿಂದಕ್ಕೆ ತಿರುಗಿಸಿ ಹೆಣಿಗೆಯೊಳಗೇ ಹೊಗಿಸಿ ಬಿಗಿಯಬೇಕು. ಕೊರಳಿಗೆ ಹಾಕುವ ದಾರಕ್ಕೆ ಕತ್ತರಿ ತಾಗಿಸಬಾರದು. ಅಳತೆ ಎದೆಗೆ ನಿಲ್ಲಬೇಕು, ಹೊಕ್ಕುಳ ಕೆಳಗೆ ಎಂದೂ ಇಳಿಯಬಾರದು.

ಅತ್ತೆ ಎಡಕ್ಕೆ, ಸೊಸೆ ಬಲಕ್ಕೆ, ಇಬ್ಬರೂ ಒಂದೇ ಕಿಟಕಿಗೆ ಮುಖಮಾಡಿ ಕೂತರು. ಅವ್ವ ಹತ್ತಿ ನೂಲಲ್ಲಿ ತೋರಿಸುವಳು, ಈಕೆ ನೈಲಾನಿನಲ್ಲಿ ಮಾಡುವಳು. "ಎಳೀಬ್ಯಾಡ, ಕೂಡ್ಸು. ಎಳದ್ರ ಮುನಿಸ್ಕೊಳ್ತದ" ಎಂದು ಅವ್ವ ಹೇಳುತ್ತಿದ್ದಳು. ಇದರಲ್ಲಿ ನನಗೆ ಚಹಾ ಕೊಡುವವರು ಯಾರೂ ಇಲ್ಲವಾದರು.

ಹದಿನೈದು ದಿನದಲ್ಲಿ ಹೆಣಿಗೆ ತಿದ್ದಿಕೊಂಡಿತು. ಡಿಪೋದ ಕಂಡಕ್ಟರ್ ನದೀಮ ಒಂದನ್ನು ನೋಡಿ, "ವಿದ್ಯಕ್ಕಾ, ನನ್ನ ಕಪಾಟಿನ ಕೀಲಿಗೊಂದು ಮಾಡಿಕೊಡ್ರಿ, ದಿನಾ ಕಳೀತೀನಿ" ಎಂದ. ಅವನ ಹಿಂದೆ ಇನ್ನೂ ಐದು ಜನ ಕೈಯೆತ್ತಿದರು. ನದೀಮನೇ ಅಂಗಡಿಗೆ ಬಂದು, ಸೊಂಟದ ತನಕ ಬರಬೇಕು ಎಂದು ಅಳೆದು, ಆರು ಜನಕ್ಕೂ ಸಾಕಷ್ಟು ಉದ್ದದ ದಾರ ಕತ್ತರಿಸಿಕೊಂಡು ಹೋದ. ಅವ್ವನ ಮುಂದೆ ಕತ್ತರಿಸಲಿಲ್ಲ, ಪುಣ್ಯ.

ವಿದ್ಯಾವತಿ ಆರನ್ನೂ ಎಂಟು ದಿನದಲ್ಲಿ ಹೆಣೆದಳು. ಒಂದಕ್ಕಿಂತ ಒಂದು ಚೆಂದ. ಡಬ್ಬಿಯಲ್ಲಿಟ್ಟುಕೊಂಡು ಹೋಗಿ ಹಂಚಿದಳು. ಮಾರನೆಯ ದಿನ ನದೀಮ ಅವಳ ಮೇಜಿನ ಮುಂದೆ ನಿಂತ. ನದೀಮನೆಂದರೆ ಆರಡಿ ಆಳು. "ಅಕ್ಕಾ, ತಪ್ಪು ತಿಳ್ಕೋಬ್ಯಾಡ್ರಿ. ದಾರ ಬೆಸ್ಟ್ ಅದ. ಆದ್ರ ಅದು ನನ್ನ ಕಡಿಂದ ಕಪಾಟಿಗಿ ಸಲಾಮ್ ಹೊಡಸಾಕತ್ತದ" ಎಂದು ಅಲ್ಲೇ ಇದ್ದ ಕಪಾಟಿನ ಮುಂದೆ ಮಾಡಿಯೇ ತೋರಿಸಿದ. ಕೀಲಿ ಎದೆಯ ಮೇಲಿತ್ತು, ಕಪಾಟಿನ ಬೀಗ ಸೊಂಟದ ಮಟ್ಟದಲ್ಲಿತ್ತು. ಕೊರಳಿಂದ ತೆಗೆದರೆ ಕೀಲಿ ಮತ್ತೆ ಕಳೆಯುವ ಭಯ, ಹಾಗಾಗಿ ಬೀಗ ತೆಗೆಯಲು ಆ ಆಳು ಮೊಣಕಾಲೂರಿ ಕಪಾಟನ್ನು ಅಪ್ಪಿಕೊಳ್ಳಬೇಕಾಯಿತು. ವಿಶ್ರಾಂತಿ ಕೋಣೆಯಲ್ಲಿ ಆರೂ ಜನ ಸಾಲಾಗಿ ಹಾಗೆ ಮಾಡುತ್ತಿದ್ದರಂತೆ, ಡ್ರೈವರುಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರಂತೆ.

ಆಗಿದ್ದಿಷ್ಟು. ಅಳತೆ ಕೊಟ್ಟಿದ್ದರೂ ಈಕೆಯ ಕೈ ಎದೆಮಟ್ಟಕ್ಕೆ ಬಂದ ಕೂಡಲೇ ತಾನಾಗಿ ನಿಂತಿತ್ತು. ಉಳಿದ ಉದ್ದನೆಯ ತುದಿಗಳನ್ನೆಲ್ಲ ಅವ್ವನ ಕಾನೂನಿನಂತೆ ಹಿಂದಕ್ಕೆ ತಿರುಗಿಸಿ ಹೆಣಿಗೆಯೊಳಗೆ ಹೊಗಿಸಿ ಬಿಗಿದಿದ್ದಳು. ಆರಕ್ಕೂ ಹಾಗೆಯೇ. ಒಂದಾದರೂ ತಪ್ಪಿ ಸರಿಯಾಗಬಾರದೇ?

ಆರನ್ನೂ ವಾಪಸು ಇಸಿದುಕೊಂಡು ಮನೆಗೆ ಬಂದು ಅತ್ತೆಯ ಮುಂದೆ ಡಬ್ಬಿ ಇಟ್ಟಳು. "ಅತ್ತಿ, ಎಲ್ಲಾ ಗಿಡ್ಡ ಆಗ್ಯಾವ್ರಿ."

"ಎದಿಗಿ ಬರ್ತದಿಲ್ಲೋ?"

"ಎದಿಗಿ ಬರ್ತದ. ಸೊಂಟಕ್ಕ ಬರಬೇಕಿತ್ತು."

"ಹೊಕ್ಕಳ ಕೆಳಗ ಇಳಿಸ್ತಿಯೇನು?"

"ಅತ್ತೀ, ಇದು ಕಪಾಟಿನ ಕೀಲಿ ರೀ, ಲಿಂಗ ಅಲ್ಲ!"

ಅವ್ವ ಒಂದು ಗಳಿಗೆ ಸೊಸೆಯ ಮುಖ ನೋಡಿದಳು. ಆಮೇಲೆ ಇಬ್ಬರಿಗೂ ನಗು ತಡೆಯದಾಯಿತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಕೈಗೇನು ಗೊತ್ತಾಗ್ತದ ಬೇ, ಅದಕ್ಕ ಒಂದೇ ಅಳತಿ ಕಲಿಸಿದ್ದೆ. ಬಿಚ್ಚು ಮತ್ತ" ಎಂದಳು. ನಾನು ಬುದ್ಧಿವಂತನಂತೆ ಕತ್ತರಿ ಹಿಡಿದುಕೊಂಡು ಬಂದೆ. ಹೊಸ ದಾರ ಕೊಡುತ್ತೇನೆ, ಇವನ್ನು ಕತ್ತರಿಸಿ ಒಗೆಯಿರಿ ಎಂದೆ. ಇಬ್ಬರೂ ನನ್ನನ್ನು ನೋಡಿದ ನೋಟಕ್ಕೆ ಕತ್ತರಿಯನ್ನು ಬೆನ್ನ ಹಿಂದೆ ಅಡಗಿಸಿದೆ.

ಹೆಣೆಯುವುದಕ್ಕಿಂತ ಬಿಚ್ಚುವುದು ಕಷ್ಟ. ಹೆಣೆಯುವಾಗ ಎಳೆಯನ್ನು ಬೆರಳ ಸಂದಿಯಲ್ಲಿ ಹೇಗೋ ದಾಟಿಸಬಹುದು. ಬಿಚ್ಚುವಾಗ ಬಿಗಿದ ಎಳೆಯನ್ನು ಹೆಬ್ಬೆರಳು ತೋರುಬೆರಳ ತುದಿಯಲ್ಲಿ ಚಿವುಟಿ ಹಿಡಿದು ಎಬ್ಬಿಸಲೇಬೇಕು, ಬೇರೆ ದಾರಿಯಿಲ್ಲ. ಈಕೆ ಹೊಗಿಸಿ ಬಿಗಿದದ್ದು ಅಷ್ಟು ಭದ್ರವಾಗಿತ್ತು. ಎಡಗೈಯಲ್ಲಿ ಬಿಚ್ಚಲು ಹೋದರೆ ಅವ್ವ ಆ ಕೈಯ ಮೇಲೆ ಒಂದು ಬಾರಿಸುತ್ತಿದ್ದಳು. ಮೊದಲ ದಾರಕ್ಕೆ ಮೂರು ದಿನ ಹಿಡಿಯಿತು. ಬೆರಳ ತುದಿ ಕೆಂಪಾಗಿ, ನೋವಿಗೆ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದಳು. "ಸಾಕು ಬಿಡು" ಎಂದು ನಾನು ಒಮ್ಮೆ ನಿಜವಾಗಿಯೂ ಸಂಕಟದಿಂದಲೇ ಹೇಳಿದೆ. "ಪರೀಕ್ಷಾಕ್ಕ ಇನ್ನ ಇಪ್ಪತ್ತೆಂಟು ದಿನ ಅದಾವ್ರಿ" ಎಂದಳು, ತಲೆ ಎತ್ತದೆ.

ಎರಡನೆಯದಕ್ಕೆ ಎರಡು ದಿನ. ಮೂರನೆಯದನ್ನು ಬಿಚ್ಚುತ್ತಿದ್ದ ಮಧ್ಯಾಹ್ನ ನಾನು ಊಟಕ್ಕೆ ಬಂದಿದ್ದೆ. ಒಳಗಿನಿಂದ ಕೂಗಿದಳು. ಗಾಬರಿಯಾಗಿ ಓಡಿದೆ. ಹೆಬ್ಬೆರಳು ತೋರುಬೆರಳು ಕೂಡಿಸಿ, ನಡುವೆ ಒಂದು ಕೆಂಪು ಎಳೆ ಹಿಡಿದು ಎತ್ತಿ ತೋರಿಸುತ್ತಿದ್ದಳು. "ಎಳೀರಿ ನೋಡೂಣು." ಎಳೆದೆ. ಬರಲಿಲ್ಲ. ಇನ್ನಷ್ಟು ಜೋರಾಗಿ ಎಳೆದೆ, ಆಕೆಯೇ ನನ್ನ ಕಡೆ ಜಗ್ಗಿಬಂದಳು, ಎಳೆ ಮಾತ್ರ ಬಿಡಲಿಲ್ಲ. ನನ್ನ ಎದೆ ತುಂಬಿಬಂತು. ಅದೇ ಗಳಿಗೆಯಲ್ಲಿ ನನ್ನ ಅರ್ಜಿಯೂ ನೆನಪಾಯಿತು. ತಟ್ಟೆಯ ಮುಂದೆ ಕೂತೆ, ರೊಟ್ಟಿ ಇಳಿಯಲಿಲ್ಲ.

ಆರೂ ಬಿಚ್ಚಿ, ಆರನ್ನೂ ಮತ್ತೆ ಸೊಂಟದ ಮಟ್ಟಕ್ಕೆ ಹೆಣೆದು ಕೊಟ್ಟಳು. ಅಷ್ಟರಲ್ಲಿ ಸುದ್ದಿ ಹಬ್ಬಿ, ರವಿವಾರ ನಮ್ಮ ಪಡಸಾಲೆಯಲ್ಲಿ ಕಲಿಯಲು ಬರುವ ಹೆಂಗಸರೇ ನಾಲ್ಕಾರು ಜನ. ಇನ್ನೊಬ್ಬ ಕಂಡಕ್ಟರ್ ಸಪ್ನಾ ಮೊದಲ ದಿನವೇ ಹೂವಿನ ಗಂಟು, ಚೌಕ ಹೆಣಿಗೆ ಕಲಿಸಿ ಎಂದಳು. "ಮೊದಲ ನಾಲ್ಕೆಳಿ ಹೆಣಿ, ಅದನ್ನ ಬಿಚ್ಚು, ಮತ್ತ ಹೆಣಿ. ಹೂವು ಆಮ್ಯಾಲ" ಎಂದಳು ನಮ್ಮಾಕೆ, ಬಸ್ಸಿನಲ್ಲಿ ಮಾತಾಡುವ ಧಾಟಿಯಲ್ಲೇ. ಕಾಕಾ, ದೊಡ್ಡಪ್ಪಂದಿರು ಹಿಂದೊಮ್ಮೆ ತೀರ್ಮಾನ ಮಾಡಲು ಕೂತಿದ್ದ ಜಾಗದಲ್ಲಿ ಈಗ ಹೆಂಗಸರು ಕಿಟಕಿಗೆ ದಾರ ಕಟ್ಟಿಕೊಂಡು ಕೂತಿದ್ದರು. ನಾನು ನನ್ನ ಚಪ್ಪಲಿ ಬಿಡಲೂ ಜಾಗವಿಲ್ಲದೆ ಅಂಗಡಿಗೆ ಹೋದೆ.

ಪರೀಕ್ಷೆಯ ದಿನ ಕಲಬುರಗಿಗೆ ಇಬ್ಬರೂ ಹೋದೆವು. ಅರ್ಜಿಯ ಸಂಗತಿ ದಾರಿಯಲ್ಲಾದರೂ ಹೇಳೋಣವೆಂದು ನಾಲ್ಕು ಸಲ ಬಾಯಿ ತೆರೆದೆ, ನಾಲ್ಕು ಸಲವೂ ಬೇರೆ ಏನೋ ಮಾತಾಡಿದೆ. ವೈದ್ಯರು ಹಿರಿಯರು, ನಿಧಾನದ ಮನುಷ್ಯ. ಹಿಡಿತ ಅಳೆಯುವ ಸಾಧನ ಕೊಟ್ಟರು. ವಿದ್ಯಾವತಿ ಮೂರು ಸಲ ಒತ್ತಿದಳು. ಮೂರು ಸಲವೂ ಬರೆದುಕೊಂಡರು. ಪೆನ್ನು ಹಿಡಿಸಿ ಬರೆಸಿದರು, ಬೆರಳೆಣಿಸಿದರು. "ಎಲ್ಲಾ ಸರಿ ಅದ. ಆದ್ರ ಇದೇನು?" ಎಂದು ಕಡತದಿಂದ ಒಂದು ಹಾಳೆ ತೆಗೆದರು. "ನಿಮ್ಮ ಮನಿಯವ್ರೇ ಬರದಾರ. ಕೈಯಾಗ ಹಿಡಿತ ಇಲ್ಲ, ಮುಂದೂ ಬರಂಗಿಲ್ಲ ಅಂತ. ಇಲ್ಲಿ ಒತ್ತಿದ್ದು ಮೂರು ಸಲ ಅಷ್ಟೇ, ದಿನಾ ನೋಡೋರು ಅವ್ರು. ಯಾವುದು ಖರೇ ಅಂತ ನಂಬ್ಲಿ?"

ವಿದ್ಯಾವತಿ ಹಾಳೆಯನ್ನು ನೋಡಿದಳು. ನನ್ನ ಅಕ್ಷರ ಆಕೆಗೆ ಗೊತ್ತು. ನನ್ನ ಕಡೆ ತಿರುಗಿ ನಿಂತು ನೋಡಿದಳು. ಬಸ್ಸಿನ ಬಾಗಿಲಲ್ಲಿ ಜೋತುಬಿದ್ದವರನ್ನು ನೋಡುತ್ತಿದ್ದದ್ದು ಹೀಗೆಯೇ ಇರಬೇಕು.

"ಅದು ಸುಳ್ಳು ರೀ, ಡಾಕ್ಟರ್" ಎಂದೆ. "ಈಕಿ ಮನ್ಯಾಗ ಇರ್ಲಿ ಅಂತ ಬರದೀನಿ. ನನಗ ಬಿಸಿ ರೊಟ್ಟಿ ಬೇಕಾಗಿತ್ತು. ಬಿಗದ ಆರು ದಾರ ಇದೇ ಕೈಲಿಂದ ಬಿಚ್ಚ್ಯಾಳ್ರಿ, ನಾ ಎದುರಿಗಿ ಕುಂತು ನೋಡೀನಿ. ನಾ ಜಗ್ಗಿದ್ರೂ ಎಳಿ ಬಿಟ್ಟಿಲ್ಲ. ಈಕಿ ಕೈ ಗಟ್ಟಿ ಅದ. ನಾನೇ ಗಟ್ಟಿ ಇರ್ಲಿಲ್ಲ." ಹೊರಗೆ ಕಾಯುತ್ತಿದ್ದವರೆಲ್ಲ ಬಾಗಿಲಲ್ಲಿ ಇಣುಕಿದರು. ಇಣುಕಲಿ ಎನಿಸಿತು. ಅರ್ಜಿ ಹಿಂತೆಗೆದುಕೊಂಡಿದ್ದೇನೆ ಎಂದು ಬರೆಯಲು ಪೆನ್ನಿಗಾಗಿ ತಡಕಾಡಿದೆ. ವಿದ್ಯಾವತಿ ತನ್ನ ಪೆನ್ನು ಕೊಟ್ಟಳು.

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು. "ಬಿಸಿ ರೊಟ್ಟಿ ಬೇಕಾಗಿತ್ತೇನ್ರಿ?"

"ಹೂಂ."

"ಬಡಿಯೋದು ಕಲೀರಿ."

ಕಲಿಯುತ್ತಿದ್ದೇನೆ. ನನ್ನ ರೊಟ್ಟಿ ನೋಡಿ ಅವ್ವ ಮುಖ ತಿರುಗಿಸುತ್ತಾಳೆ, ತಿನ್ನುತ್ತಾಳೆ.

ಎಳ್ಳಮಾವಾಸ್ಯೆ ಕಳೆದ ಮೊದಲ ಸೋಮವಾರ ಆಕೆ ಡ್ಯೂಟಿಗೆ ಹತ್ತಿದಳು. ನಾನು ಅಂಗಡಿಯ ಬಾಗಿಲು ಹಾಕಿ, ಹೇಳದೆ ಕೇಳದೆ ಅದೇ ಬಸ್ಸು ಹತ್ತಿ ಹಿಂದೆ ಕೂತೆ. ಬಸ್ಸು ತುಂಬಿತ್ತು. ಆಕೆ ಯಾವ ಕಂಬಿಯನ್ನೂ ಹಿಡಿಯದೆ ಹಿಂದಕ್ಕೆ ಬಂದಳು, ಬಲಗೈಯಲ್ಲಿ ಮಷಿನ್. ನನ್ನ ಮುಂದೆ ನಿಂತು, ಗುರುತೇ ಇಲ್ಲದವರಂತೆ, "ಎಲ್ಲಿಗ್ರಿ?" ಎಂದಳು. "ಖಜೂರಿ" ಎಂದೆ. ಟಿಕೆಟ್ ಹರಿದು ಕೊಟ್ಟಳು, ಅಂಚು ನೇರವಾಗಿತ್ತು. ಪಕ್ಕದ ಸೀಟಿನಲ್ಲಿ ಚೀಲ ಇಟ್ಟುಕೊಂಡಿದ್ದ ಒಬ್ಬನಿಗೆ ಒಂದು ಗದರಿಸಿ, ಚೀಲ ಇಳಿಸಿ, ಅಲ್ಲಿ ಬಾಣಂತಿಯೊಬ್ಬಳನ್ನು ಕೂರಿಸಿದಳು.

ಆತ ನನ್ನ ಕಡೆ ಬಾಗಿ ಕಿವಿಯಲ್ಲಿ ಗೊಣಗಿದ. "ಭಾಳ ಕಡಕ್ ಅದಾಳ್ರಿ ಈ ಕಂಡಕ್ಟರ್ ಬಾಯಿ. ಯಾರ್ರಿ ಈಕಿ?"

ಕಿವಿಯಲ್ಲೇ ಹೇಳಬಹುದಿತ್ತು. ನಾನು ಸೀಟು ಬಿಟ್ಟು ಎದ್ದು, ಡ್ರೈವರಿಗೂ ಕೇಳುವಷ್ಟು ಜೋರಾಗಿ ಹೇಳಿದೆ. "ನನ್ನ ಹೆಂಡ್ತಿ ರೀ!"

ಇಡೀ ಬಸ್ಸು ತಿರುಗಿ ನನ್ನನ್ನು ನೋಡಿತು. ಆಕೆ ಮಾತ್ರ ನೋಡಲಿಲ್ಲ, ಮುಂದಿನವರಿಗೆ ಟಿಕೆಟ್ ಕೊಡುತ್ತಿದ್ದಳು.